ನೀರಿನ ಪ್ಲೇಟು

ಕಳೆದ ತಿಂಗಳು ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಅವಳದು ಎಂ.ಎಸ್ಸಿ. ಕೊನೆಯ ಸೆಮಿಸ್ಟರ್, ಪ್ರಾಜೆಕ್ಟ್ ಶುರುವಾಗಿದೆ. ಫೋಟೊದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಾಬಕ್ಕಿಯಂಥ ಬಿಳಿ ಚುಕ್ಕೆಗಳು. ಕೆಲವು ಚುಕ್ಕೆಗಳಲ್ಲಿ ಮಾತ್ರ ಒಂದು ಬದಿ ಕೆಂಪು. ದುಂಡನೆ ರೊಟ್ಟಿಯಿಂದ ಒಂದು ತುಂಡು ಮುರಿದು, ಆ ಜಾಗಕ್ಕೆ ಬೀಟ್‌ರೂಟ್ ಹೋಳು ಕೂರಿಸಿದ ಹಾಗೆ.

"ಮಾವ, ಇದು ಕಂಟಾಮಿನೇಷನ್ನಾ? ಬಿಸಾಡ್ಲಾ?"

ಕೈ ಒರೆಸಿಕೊಂಡು "ಬಿಸಾಡಬೇಡ" ಅಂತ ಮಾತ್ರ ಟೈಪ್ ಮಾಡಿದೆ. ಉಳಿದದ್ದನ್ನು ಫೋನಿನಲ್ಲಿ ಹೇಳೋಣ ಅಂದುಕೊಂಡರೆ ಮುಕ್ಕಾಲು ಗಂಟೆ ಮಾತಾಡಿದರೂ ಮುಗಿಯಲಿಲ್ಲ. ನಾನು ಲ್ಯಾಬ್ ಬಿಟ್ಟು ಹದಿನೈದು ವರ್ಷವಾಗಿದೆ. ಈಗ ಹೊಟ್ಟೆಪಾಡಿಗೆ ಮಾಡುವ ಕೆಲಸಕ್ಕೂ ಯೀಸ್ಟಿಗೂ ಏನೇನೂ ಸಂಬಂಧವಿಲ್ಲ. ಆದರೂ ಆ ಕೆಂಪು ಹೋಳು ಕಂಡ ಕೂಡಲೆ ಮೂಗಿಗೆ ಬೆಂದ ಮೀಡಿಯಾದ, ಅಂದರೆ ಯೀಸ್ಟ್ ಬೆಳೆಸಲು ಹಾಕುವ ಊಟದ, ವಾಸನೆ ಬಡಿಯಿತು.

ನಿಜ ಹೇಳಬೇಕೆಂದರೆ ಯೀಸ್ಟ್ ನನಗೆ ಲ್ಯಾಬಿಗಿಂತ ಮೊದಲೇ ಪರಿಚಯ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಮಂಗಳೂರಿನ ಕಡೆ ನಮ್ಮ ಪಕ್ಕದ ಮನೆಯ ಬಾಯಮ್ಮ ಹಬ್ಬಕ್ಕೆ 'ಸಣ್ಣ' ಎಂಬ ಇಡ್ಲಿಯಂಥ ತಿಂಡಿ ಮಾಡುತ್ತಿದ್ದರು. ಹಿಟ್ಟು ಉಬ್ಬಲು ಶೇಂದಿಯೇ ಆಗಬೇಕು. ಮೂರ್ತೆದಾರರು ಬೆಳಿಗ್ಗೆ ಮರದಿಂದ ಇಳಿಸಿದ್ದನ್ನು ಒಂದು ಚೊಂಬಿನಲ್ಲಿ ಕೊಟ್ಟು ಹೋಗುತ್ತಿದ್ದರು. ಅದನ್ನು ಬೆರೆಸಿಟ್ಟ ಹಿಟ್ಟು ಕೆಲವೇ ಗಂಟೆಗಳಲ್ಲಿ ಪಾತ್ರೆಯ ಕಂಠಕ್ಕೆ ಬರುತ್ತಿತ್ತು. ಶೇಂದಿಯೊಳಗೆ ಕೂತು ಆ ಕೆಲಸ ಮಾಡುತ್ತಿದ್ದದ್ದು ಇದೇ ಯೀಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಮತ್ತದರ ಬಳಗ. ಆ ಕಾಡುಯೀಸ್ಟಿಗೆ ಯಾರ ಹಂಗೂ ಇರಲಿಲ್ಲ. ಸಕ್ಕರೆ, ಒಂದಿಷ್ಟು ಸಾರಜನಕ, ಉಪ್ಪು ಸಿಕ್ಕರೆ ಬೇಕಾದ ಬಹುಪಾಲನ್ನು ತಾನೇ ಅಡುಗೆ ಮಾಡಿಕೊಳ್ಳುತ್ತದೆ.

ಲ್ಯಾಬಿನ ಯೀಸ್ಟ್ ಹಾಗಲ್ಲ. ನಾನು ಬಳಸುತ್ತಿದ್ದ ತಳಿಯ ಹೆಸರು ಡಬ್ಲ್ಯು303, ಈಗ ಇವಳ ಕೈಯಲ್ಲಿರುವುದೂ ಅದೇ. ಅದರ ಜಾತಕವೆಂದರೆ ಅದಕ್ಕೆ ಏನೇನು ಬರುವುದಿಲ್ಲ ಎಂಬ ಪಟ್ಟಿ. ಬೆಳೆಯಲು ಬೇಕೇ ಬೇಕಾದ ಅಡೆನಿನ್ ಮಾಡಿಕೊಳ್ಳಲು ಬರುವುದಿಲ್ಲ, ಲ್ಯೂಸಿನ್ ಬರುವುದಿಲ್ಲ, ಹಿಸ್ಟಿಡಿನ್, ಟ್ರಿಪ್ಟೊಫಾನ್, ಯುರಾಸಿಲ್ ಒಂದೂ ಬರುವುದಿಲ್ಲ. ಎಲ್ಲವನ್ನೂ ನಾವೇ ಅಳೆದು ಮೀಡಿಯಾದಲ್ಲಿ ಹಾಕಬೇಕು. ಒಂದನ್ನು ಮರೆತರೆ ಇಡೀ ತಟ್ಟೆ ಉಪವಾಸ. ಇಂಥ ಕೈಲಾಗದ ತಳಿಯನ್ನು ಯಾಕೆ ಸಾಕುತ್ತಾರೆ ಅಂತ ಮೊದಲ ವಾರ ನಮ್ಮ ಸೀನಿಯರ್ ಅಕ್ಕನನ್ನು ಕೇಳಿದ್ದೆ. "ಕೈಲಾಗದ್ದೇ ನಮಗೆ ಬೇಕಾಗಿರೋದು. ಎಲ್ಲಾ ಬರೋರಿಗೆ ನಾವು ಕೊಟ್ಟದ್ದು ಯಾಕೆ ಬೇಕಾಗುತ್ತೆ?" ಅಂದರು. ಆಗ ಅರ್ಥವಾಗಲಿಲ್ಲ, ಸುಮ್ಮನೆ ತಲೆಯಾಡಿಸಿದ್ದೆ.

ಯೀಸ್ಟಿನೊಳಗೆ ಹೊರಗಿನ ಜೀನ್ ಕಳಿಸಬೇಕಾದರೆ ಅದನ್ನು ಒಂದು ಪ್ಲಾಸ್ಮಿಡ್‌ಗೆ ಜೋಡಿಸುತ್ತೇವೆ. ಪ್ಲಾಸ್ಮಿಡ್ ಅಂದರೆ ಡಿಎನ್‌ಎಯ ಒಂದು ಪುಟ್ಟ ಬಳೆ. ಯೀಸ್ಟಿನ ಸ್ವಂತ ಆಸ್ತಿ 16 ಕ್ರೋಮೋಸೋಮ್‌ಗಳಲ್ಲಿ ಹಂಚಿರುವ ಸುಮಾರು 1 ಕೋಟಿ 20 ಲಕ್ಷ ಡಿಎನ್‌ಎ ಅಕ್ಷರ. ನಮ್ಮ ಬಳೆಯಲ್ಲಿ ಇರುವುದು ಕೆಲವು ಸಾವಿರ. ಇದು ಎರಡು ಊರಿನಲ್ಲೂ ರೇಷನ್ ಕಾರ್ಡ್ ಮಾಡಿಸಿಕೊಂಡ ಆಸಾಮಿ. ಬ್ಯಾಕ್ಟೀರಿಯಾದಲ್ಲಿ ಬದುಕಲು ಬೇಕಾದದ್ದೂ ಅದರಲ್ಲಿದೆ, ಯೀಸ್ಟಿನಲ್ಲಿ ಬದುಕಲು ಬೇಕಾದದ್ದೂ ಇದೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ರಾಶಿ ರಾಶಿ ಬೆಳೆಸಿ, ತೊಳೆದು, ಯೀಸ್ಟಿಗೆ ಕೊಡುತ್ತೇವೆ. ಜೊತೆಗೆ ಅದರ ಮೇಲೆ ಯೀಸ್ಟಿಗೆ ಇಲ್ಲದ ಒಂದು ಜೀನನ್ನೂ ಕೂರಿಸಿರುತ್ತೇವೆ. ನನ್ನ ಪ್ಲಾಸ್ಮಿಡ್‌ನಲ್ಲಿ ಇದ್ದದ್ದು ಏಡ್-2, ಅಂದರೆ ಅಡೆನಿನ್ ಮಾಡುವ ಸಾಲಿನ ಒಂದು ಜೀನ್. ಆಮೇಲೆ ಅಡೆನಿನ್ ಹಾಕದ ತಟ್ಟೆಯ ಮೇಲೆ ಹರಡಿದರೆ, ಬಳೆ ಒಳಗೆ ಹೋದವು ಮಾತ್ರ ಬದುಕುತ್ತವೆ.

"ಜೀನನ್ನು ಸೇರಿಸಿದೆವು" ಅಂತ ಪತ್ರಿಕೆಗಳಲ್ಲಿ ಓದಿದಾಗ ಸೂಜಿ ಹಿಡಿದು ಒಂದೊಂದಕ್ಕೂ ಚುಚ್ಚಿದಂಥ ಚಿತ್ರ ಕಣ್ಣಿಗೆ ಬರುತ್ತದೆ. ನನಗೂ ಬಂದಿತ್ತು. ಕೆಲಸ ಮಾಡಿ ನೋಡಿದರೆ ಅದು ಸಂತೆಯಲ್ಲಿ ಚೀಟಿ ಎರಚಿದ ಹಾಗಿದೆ. ಒಂದು ಟ್ಯೂಬಿನಲ್ಲಿ ಹತ್ತು ಕೋಟಿ ಕೋಶಗಳು. ಅವುಗಳ ಮೇಲೆ ಪ್ಲಾಸ್ಮಿಡ್ ಸುರಿಯುತ್ತೇವೆ, ಬಿಸಿ ಮಾಡುತ್ತೇವೆ, ಯಾವುದಕ್ಕೆ ಸಿಕ್ಕಿತೋ ಗೊತ್ತಿಲ್ಲ. ಸಿಕ್ಕದವನ್ನೆಲ್ಲ ಹಸಿವು ಕೊಲ್ಲುತ್ತದೆ. ನಮಗೆ ಗೊತ್ತಿರುವ ಕೈಚಳಕ ಹಸಿವಿನದು.

ನನ್ನ ಮೊದಲ ಪ್ರಯತ್ನ ಅದ್ಭುತವಾಗಿ ಯಶಸ್ವಿಯಾಯಿತು ಅಂದುಕೊಂಡಿದ್ದೆ. ಎರಡನೇ ದಿನ ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ತಟ್ಟೆಯ ಮೇಲೆ ಎಣಿಸಲಾಗದಷ್ಟು ಬೆಳೆ, ಗಂಜಿ ಕೆನೆಗಟ್ಟಿದ ಹಾಗೆ. ಮೂರನೇ ದಿನಕ್ಕೆ ಅದು ತಿಳಿ ಗುಲಾಬಿಗೆ ತಿರುಗಿತು. ನೋಡಲು ಚೆಂದವಿತ್ತು. ಎರಡು ಕೈಯಲ್ಲಿ ಹಿಡಿದುಕೊಂಡು ಗೈಡ್ ರೂಮಿಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೀರಿನ ಪ್ಲೇಟ್ ಎಲ್ಲಿ?"

ನೀರಿನ ಪ್ಲೇಟ್ ಎಂದರೆ ಅದೇ ಕೋಶಗಳು, ಅದೇ ಬಿಸಿ, ಅದೇ ಮೀಡಿಯಾ, ಪ್ಲಾಸ್ಮಿಡ್ ಬದಲು ಬರೀ ನೀರು. ಏನೂ ಬೆಳೆಯದಿರಲಿ ಅಂತ ಹಾರೈಸಿ ಇಡುವ ತಟ್ಟೆ. ಒಂದು ಪ್ಲೇಟ್ ಉಳಿಯಲಿ ಅಂತ ನಾನು ಅದನ್ನು ಮಾಡಿರಲೇ ಇಲ್ಲ.

"ಗುಲಾಬಿ ಅಂದ್ರೆ ಒಳಗೆ ಹೋಗಿಲ್ಲ ಅಂತ ಅರ್ಥ ಕಣಯ್ಯ. ಮೀಡಿಯಾಕ್ಕೆ ಅಡೆನಿನ್ ಹಾಕಿದ್ದೀಯ."

ಹಾಕಿದ್ದೆ. ಎರಡು ಬಾಟಲಿ ಅಕ್ಕಪಕ್ಕ ಇದ್ದವು, ಲೇಬಲ್ ಓದದೆ ಕೈಗೆ ಸಿಕ್ಕಿದ್ದನ್ನು ಸುರಿದಿದ್ದೆ. ಊಟ ಬಡಿಸಿಟ್ಟ ಮೇಲೆ ಯಾರಿಗೆ ಅಡುಗೆ ಬರುತ್ತದೆ ಯಾರಿಗೆ ಬರುವುದಿಲ್ಲ ಅಂತ ತಿಳಿಯುವುದು ಹೇಗೆ? ಎಲ್ಲವೂ ಬೆಳೆದಿದ್ದವು.

ಆ ಬಣ್ಣದ ಕಥೆ ಚಿಕ್ಕದು. ಅಡೆನಿನ್ ಆಗಲು ಕೋಶದೊಳಗೆ ಒಂದಾದ ಮೇಲೊಂದು ಹಂತಗಳಿವೆ. ಏಡ್-2 ಕೆಟ್ಟಿದ್ದರೆ ಸಾಲು ನಡುವೆ ನಿಲ್ಲುತ್ತದೆ, ಅರ್ಧ ಬೆಂದ ಸಾಮಾನು ರಾಶಿ ಬೀಳುತ್ತದೆ. ಅದು ಕೋಶದ ಉಗ್ರಾಣದಲ್ಲಿ ಸೇರಿ ಕೆಂಪಾಗುತ್ತದೆ. ತಟ್ಟೆಯಲ್ಲಿ ಅಡೆನಿನ್ ಧಾರಾಳವಾಗಿರುವ ತನಕ ಸಾಲು ಅಷ್ಟಾಗಿ ಓಡುವುದಿಲ್ಲ, ಬಣ್ಣವೂ ಇಲ್ಲ. ಮುಗಿಯುತ್ತಾ ಬಂದಂತೆ ಗುಲಾಬಿ, ಆಮೇಲೆ ಕೆಂಪು. ಫ್ರಿಡ್ಜಿನಲ್ಲಿ ನಾಲ್ಕು ದಿನ ಇಟ್ಟರೆ ಇನ್ನೂ ಗಾಢ. ಏಡ್-2 ಇರುವ ಕೋಶ ಬಿಳಿಯಾಗಿಯೇ ಉಳಿಯುತ್ತದೆ. ಸೂಕ್ಷ್ಮದರ್ಶಕ ಬೇಡ, ಯಂತ್ರ ಬೇಡ, ಬರಿಗಣ್ಣು ಸಾಕು.

ಎರಡನೆಯ ಸಲದಿಂದ ಸರಿಯಾದ ಮೀಡಿಯಾ ಮಾಡಿದೆ. ಈಗ ಏನೂ ಬೆಳೆಯಲಿಲ್ಲ. ಮೂರನೆಯ ಸಲವೂ ಇಲ್ಲ. ಏಳು ಸಲ, ಎರಡು ತಿಂಗಳು. ನೀರಿನ ಪ್ಲೇಟಿಗೂ ಡಿಎನ್‌ಎ ಪ್ಲೇಟಿಗೂ ವ್ಯತ್ಯಾಸವೇ ಇಲ್ಲದೆ ಎರಡೂ ಹೊಸ ಕನ್ನಡಿಯಂತೆ ಹೊಳೆಯುತ್ತಿದ್ದವು.

ವಿಧಾನ ಅಂಥ ಕಷ್ಟದ್ದಲ್ಲ. 1983ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಇಟೊ ಮತ್ತವರ ಜೊತೆಯವರು ಲಿಥಿಯಂ ಉಪ್ಪಿನ ದಾರಿ ತೋರಿಸಿದರು. ಅದಕ್ಕೂ ಮೊದಲು ಯೀಸ್ಟಿನ ಹೊರಗೋಡೆಯನ್ನು ಕಿಣ್ವ ಹಾಕಿ ಸುಲಿಯಬೇಕಿತ್ತು. ಆ ಕಾಲದ ಲ್ಯಾಬುಗಳಲ್ಲಿ ಬಸವನಹುಳುವಿನ ಜಠರರಸದ ಕಿಣ್ವ ಈ ಕೆಲಸಕ್ಕೆ ಬರುತ್ತಿತ್ತು. ಸುಲಿದ ಕೋಶ ಒಡೆಯದ ಹಾಗೆ ಕಾಪಾಡಿ, ಅಗಾರ್‌ನಲ್ಲಿ ಹುದುಗಿಸಿ, ಗೋಡೆ ಮತ್ತೆ ಬೆಳೆಯುವ ತನಕ ಕಾಯಬೇಕು. ಬಾಣಂತನ. ಲಿಥಿಯಂ ಬಂದ ಮೇಲೆ ಗೋಡೆ ಇದ್ದ ಹಾಗೇ ಕೆಲಸ ಆಗತೊಡಗಿತು. 1989ರಲ್ಲಿ ಶೀಸ್ಟ್ಲ್ ಮತ್ತು ಗೀಟ್ಸ್ ಇದಕ್ಕೆ ಎಳೆ ಬಿಡಿಸಿದ ಕ್ಯಾರಿಯರ್ ಡಿಎನ್‌ಎ ಸೇರಿಸಿದರು. ಇದನ್ನು ತೆಗೆಯುವುದು ಸಾಲ್ಮನ್ ಮೀನಿನ ವೀರ್ಯದಿಂದ. ಮನೆಯಲ್ಲಿ ಅಮ್ಮ "ಇವತ್ತು ಏನು ಮಾಡಿದೆ" ಅಂತ ಕೇಳಿದಾಗ ಈ ಭಾಗವನ್ನು ನಾನು ಹಾರಿಸುತ್ತಿದ್ದೆ. ಅದನ್ನು ಐದು ನಿಮಿಷ ಕುದಿಸಿ ತಕ್ಷಣ ಐಸಿಗೆ ಇಡಬೇಕು. ಹಾಗೆ ಬಿಡಿಸಿದ ಎಳೆಗಳು ಸುತ್ತಮುತ್ತ ತುಂಬಿಕೊಂಡಿದ್ದರೆ ನಮ್ಮ ಪ್ಲಾಸ್ಮಿಡ್ ಕಳೆದುಹೋಗುವುದು ಕಡಿಮೆ. ಕೋಶಗಳ ಮೇಲೆ 240 ಮೈಕ್ರೋಲೀಟರ್ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್), 36 ಲಿಥಿಯಂ ಅಸಿಟೇಟ್, 50 ಮೀನಿನ ಡಿಎನ್‌ಎ, ಮಿಕ್ಕ 34ರಲ್ಲಿ ಪ್ಲಾಸ್ಮಿಡ್ ಮತ್ತು ನೀರು. ಕಲಕಿ 42 ಡಿಗ್ರಿಯ ವಾಟರ್ ಬಾತ್‌ನಲ್ಲಿ 40 ನಿಮಿಷ. ಮುಗಿಯಿತು.

ಪಿಇಜಿಯನ್ನು ಲ್ಯಾಬಿನಲ್ಲಿ ಎಲ್ಲರೂ ಪೆಗ್ ಅನ್ನುತ್ತಾರೆ. "ಪೆಗ್ ಖಾಲಿಯಾಗಿದೆ, ಪೆಗ್ ಮಾಡಬೇಕು" ಅಂತ ಕಾರಿಡಾರಿನಲ್ಲಿ ಕೂಗಿದರೆ ಹೊಸಬರು ತಿರುಗಿ ನೋಡುತ್ತಾರೆ. ಮೇಣದ ಚೂರಿನಂಥ ಬಿಳಿ ಪುಡಿ. ನೀರಿನಲ್ಲಿ ಕರಗಲು ತಾಸುಗಟ್ಟಲೆ ಸತಾಯಿಸುತ್ತದೆ, ಕರಗಿದ ಮೇಲೆ ಜೋನಿಬೆಲ್ಲದ ಹಾಗೆ. ಪಿಪೆಟ್ಟಿನಲ್ಲಿ ಎಳೆದರೆ ನಿಧಾನಕ್ಕೆ ಏರುತ್ತದೆ, ಬಿಟ್ಟರೆ ಅರ್ಧ ಟಿಪ್ಪಿನ ಒಳಗೋಡೆಗೇ ಅಂಟಿರುತ್ತದೆ. ಟಿಪ್ಪಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಉಸಿರು ಬಿಗಿಹಿಡಿದು ತೆಗೆಯಬೇಕು. ಪ್ಲಾಸ್ಮಿಡ್ ಕೋಶದ ಮೈಗೆ ಅಂಟುವಂತೆ ಮಾಡುವುದು ಇದೇ.

ಎಂಟನೇ ಸಲಕ್ಕೆ ಮುಂಚೆ ಸೀನಿಯರ್ ಅಕ್ಕ ಪಕ್ಕದಲ್ಲಿ ಕೂತರು. ಒಂದೊಂದೇ ಬಾಟಲಿ ಕೈಗೆತ್ತಿಕೊಂಡು ಕೇಳುತ್ತ ಬಂದರು. ನನ್ನ ಪೆಗ್ ಬಾಟಲಿಯನ್ನು ಓರೆ ಮಾಡಿ ಅಲ್ಲಾಡಿಸಿದರು. ಅದು ಬೇಗ ಹರಿಯಿತು.

"ಇದನ್ನ ಹೇಗೆ ಮಾಡ್ದೆ?"

"50 ಪರ್ಸೆಂಟ್ ಅಕ್ಕ. 50 ಗ್ರಾಂ ಪೆಗ್, 100 ಎಂಎಲ್ ನೀರು."

ಅವರು ಬಾಟಲಿ ಕೆಳಗಿಟ್ಟು ನಕ್ಕರು. "ಪೆಗ್‌ಗೆ ನೀರು ಎಲ್ಲಿವರೆಗೆ ಹಾಕ್ಬೇಕು ಅಂತ ಯಾರೂ ಕಲಿಸ್ಲಿಲ್ವಾ ನಿಂಗೆ?"

50 ಗ್ರಾಂ ಪುಡಿಗೆ ಒಟ್ಟು 100 ಎಂಎಲ್ ಆಗುವಷ್ಟು ಮಾತ್ರ ನೀರು ಹಾಕಬೇಕು. ಪುಡಿಯೇ ನಲವತ್ತು ಎಂಎಲ್‌ಗೂ ಮಿಕ್ಕಿ ಜಾಗ ಹಿಡಿಯುತ್ತದೆ. ನಾನು ಪೂರ್ತಿ 100 ಸುರಿದಿದ್ದರಿಂದ ಒಟ್ಟು 140 ದಾಟಿತ್ತು. ನನ್ನ 50 ಪರ್ಸೆಂಟ್ ಅಸಲಿಗೆ 35. ಎರಡು ತಿಂಗಳ ನಿದ್ದೆಗೆಟ್ಟ ರಾತ್ರಿಗಳು ಅಷ್ಟಕ್ಕೇ ಹೋದವು. ಅವತ್ತು ಸಂಜೆ ಹೊಸ ಪೆಗ್ ಮಾಡಿದೆವು. ಮೂರನೇ ದಿನ 163 ಬಿಳಿ ಕಾಲನಿ, ಅಂದರೆ ಒಂದೊಂದು ಕೋಶದಿಂದ ಬೆಳೆದ ಚುಕ್ಕೆ. ಅದು ಮಾತ್ರ ಈಗಲೂ ನೆನಪಿದೆ, ಥೀಸಿಸ್ಸಿನ ಎಷ್ಟೋ ಅಂಕಿ ಮರೆತುಹೋಗಿದೆ. ನೀರಿನ ಪ್ಲೇಟಿನಲ್ಲಿ ಒಂದು. ಆ ಒಂದಕ್ಕೆ ಆಮೇಲೆ ಬರುತ್ತೇನೆ.

ಈ ನೀರಿನ ಪ್ಲೇಟಿನ ಅನುಮಾನಕ್ಕೆ ದೊಡ್ಡ ಇತಿಹಾಸವಿದೆ. ಯೀಸ್ಟ್ ಹೊರಗಿನ ಡಿಎನ್‌ಎ ತೆಗೆದುಕೊಳ್ಳುತ್ತದೆ ಅಂತ ನಂಬುವಂತೆ ತೋರಿಸಿದ್ದು 1978ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆಲ್ಬರ್ಟ್ ಹಿನ್ನೆನ್, ಜೇಮ್ಸ್ ಹಿಕ್ಸ್ ಮತ್ತು ಜೆರಾಲ್ಡ್ ಫಿಂಕ್. ಕೆಟ್ಟ ಜೀನಿಗೆ ಒಳ್ಳೆಯ ಜೀನ್ ಕೊಟ್ಟೆವು, ಕೋಶ ಬೆಳೆಯಿತು ಅಂದರೆ ಎದುರಿನವರು ಕೇಳುವ ಪ್ರಶ್ನೆ ಒಂದೇ: ಅದು ನೀವು ಕೊಟ್ಟದ್ದರಿಂದ ಬೆಳೆಯಿತೋ, ಕೆಟ್ಟಿದ್ದು ತಾನಾಗಿಯೇ ಸರಿಹೋಯಿತೋ? ಒಂದಕ್ಷರ ಕೆಟ್ಟಿದ್ದರೆ ಕೋಟಿಗಟ್ಟಲೆ ಕೋಶಗಳಲ್ಲಿ ಒಂದೆರಡು ಹಾಗೆ ತಿದ್ದಿಹೋಗುವುದು ಸಹಜ. ಪ್ಲಾಸ್ಮಿಡ್ ಒಳಗೆ ಹೋಗುವುದೂ ಆಗ ಅಷ್ಟೇ ಅಪರೂಪವಾಗಿತ್ತು. ಅಪರೂಪಕ್ಕೆ ಅಪರೂಪ ಸಾಕ್ಷಿಯಾಗುವುದಿಲ್ಲ. ಅವರು ಆರಿಸಿಕೊಂಡ ತಳಿಯಲ್ಲಿ ಲ್ಯೂಸಿನ್ ಮಾಡಲು ಬೇಕಾದ ಲ್ಯೂ-2 ಜೀನ್ ಒಂದಲ್ಲ ಎರಡು ಕಡೆ ಕೆಟ್ಟಿತ್ತು. ಎರಡೂ ಒಟ್ಟಿಗೆ ತಾನಾಗಿ ಸರಿಹೋಗುವುದು ಆಗದ ಮಾತು. ಹಾಗಾಗಿ ಲ್ಯೂಸಿನ್ ಇಲ್ಲದ ತಟ್ಟೆಯಲ್ಲಿ ಬೆಳೆದದ್ದು ಕೊಟ್ಟದ್ದರಿಂದಲೇ. ಅದೇ ಎರಡು ಏಟಿನ ಜೀನ್, ಲ್ಯೂ-2-3,112, ಡಬ್ಲ್ಯು303ರ ಜಾತಕದಲ್ಲೂ ಇದೆ. ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ತಲೆಯಲ್ಲಿ ಅದನ್ನು ಬರೆದಿದ್ದೇನೆ, ಯಾಕಿದೆ ಅಂತ ಮೂರು ವರ್ಷ ಯೋಚಿಸಿರಲಿಲ್ಲ.

ಒಳಗೆ ಹೋದ ಬಳೆ ಅಲ್ಲಿ ಏನು ಮಾಡುತ್ತದೆ? ಕಾರ್ನೆಲ್‌ನವರ ಪ್ಲಾಸ್ಮಿಡ್‌ಗೆ ಯೀಸ್ಟಿನಲ್ಲಿ ತಾನೇ ನಕಲಾಗುವ ಶಕ್ತಿ ಇರಲಿಲ್ಲ, ಅದು ಕ್ರೋಮೋಸೋಮಿನೊಳಗೇ ಹೊಲಿದುಕೊಂಡಿತು. ಅದೇ ವರ್ಷ ಜೀನ್ ಬೆಗ್ಸ್ ಎಂಬ ವಿಜ್ಞಾನಿ ಬೇರೆ ಉಪಾಯ ಮಾಡಿದರು. ಯೀಸ್ಟಿನೊಳಗೆ ಬಾಡಿಗೆ ಕೊಡದೆ ಮೊದಲಿಂದ ವಾಸವಾಗಿರುವ ಎರಡು ಮೈಕ್ರಾನ್ ಎಂಬ ಬಳೆಯೊಂದಿದೆ, ಅದರ ತುಣುಕನ್ನು ತಮ್ಮ ಪ್ಲಾಸ್ಮಿಡ್‌ಗೆ ಜೋಡಿಸಿದರು. ಆಗ ಅದು ಹೊರಗೇ ಇದ್ದು ಹತ್ತಾರು ಪ್ರತಿಗಳಾಗಿ ಬಾಳಿತು. ಮರುವರ್ಷ ಸ್ಟ್ಯಾನ್‌ಫರ್ಡಿನಲ್ಲಿ ಯೀಸ್ಟಿನ ಕ್ರೋಮೋಸೋಮಿನದೇ ನಕಲು ಶುರುವಾಗುವ ತುಣುಕು, ಏಆರ್‌ಎಸ್, ಸಿಕ್ಕಿತು. ಅದನ್ನು ಹೊತ್ತ ಪ್ಲಾಸ್ಮಿಡ್ ಚೆನ್ನಾಗಿ ನಕಲಾಗುತ್ತದೆ, ಆದರೆ ಬೇಗ ಕಳೆದೂ ಹೋಗುತ್ತದೆ.

ಯಾಕೆ ಕಳೆದುಹೋಗುತ್ತದೆ ಎಂಬುದು ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ. ಯೀಸ್ಟ್ ಸಮನಾಗಿ ಎರಡು ಹೋಳಾಗುವುದಿಲ್ಲ, ಮೊಗ್ಗೊಡೆಯುತ್ತದೆ. ದೊಡ್ಡದು ತಾಯಿ, ಮೊಗ್ಗಾಗಿ ಬಂದದ್ದು ಮಗಳು. ಇದು ನನ್ನ ಅಲಂಕಾರವಲ್ಲ, ಆ ವಿಜ್ಞಾನದಲ್ಲಿ ಬಳಸುವ ಪದಗಳೇ ಇವು. ಆಂಡ್ರ್ಯೂ ಮರ್ರೆ ಮತ್ತು ಜ್ಯಾಕ್ ಶೋಸ್ಟಾಕ್ 1983ರಲ್ಲಿ ತಾಯಿ-ಮಗಳನ್ನು ಬೇರೆ ಮಾಡಿ ವಂಶಾವಳಿ ಬರೆದು ನೋಡಿದರು. ಏಆರ್‌ಎಸ್ ಪ್ಲಾಸ್ಮಿಡ್ ನಕಲಾದರೂ ಪ್ರತಿಗಳೆಲ್ಲ ತಾಯಿಯ ಹತ್ತಿರವೇ ಉಳಿಯುತ್ತಿದ್ದವು, ಮಗಳು ಎಷ್ಟೋ ಸಲ ಬರಿಗೈಯಲ್ಲಿ ಹೊರಡುತ್ತಿದ್ದಳು. ಮದುವೆಯಲ್ಲಿ ಒಡವೆ ಕೊಡದೆ ಕಳಿಸಿದ ಹಾಗೆ ಅಂತ ನಮ್ಮ ಸೀನಿಯರ್ ಅಕ್ಕ ಹೇಳುತ್ತಿದ್ದರು, ಅವರ ಮನೆಯ ಯಾವುದೋ ಸಿಟ್ಟು ಅದರಲ್ಲಿತ್ತು.

ಇದಕ್ಕೆ ಮದ್ದು ಆಗಲೇ ಸಿಕ್ಕಿತ್ತು. 1980ರಲ್ಲಿ ಲೂಯಿಸ್ ಕ್ಲಾರ್ಕ್ ಮತ್ತು ಜಾನ್ ಕಾರ್ಬನ್ ಯೀಸ್ಟಿನ ಮೂರನೇ ಕ್ರೋಮೋಸೋಮಿನ ಸೆಂಟ್ರೊಮಿಯರ್ ಪತ್ತೆಮಾಡಿದ್ದರು. ವಿಭಜನೆಯಾಗುವಾಗ ಕ್ರೋಮೋಸೋಮುಗಳನ್ನು ಎಳೆಯುವ ಹಗ್ಗ ಕಟ್ಟುವ ಗೂಟ ಅದು. ಆ ಗೂಟವನ್ನು ಪ್ಲಾಸ್ಮಿಡ್‌ಗೆ ನೆಟ್ಟರೆ ಬಳೆ ಒಂದು ಪುಟಾಣಿ ಕ್ರೋಮೋಸೋಮಿನ ಹಾಗೆ ವರ್ತಿಸುತ್ತದೆ, ತಾಯಿಗೊಂದು ಮಗಳಿಗೊಂದು. ಹಾಗಿದ್ದರೂ ಪೂರ್ತಿ ನಂಬಿಕಸ್ಥನಲ್ಲ. ಹೆಚ್ಚುಕಡಿಮೆ ನೂರು ವಿಭಜನೆಗೆ ಒಂದರಂತೆ ತಪ್ಪುತ್ತದೆ. ನೂರಕ್ಕೆ ಒಂದು ಕಡಿಮೆ ಅನ್ನಿಸಬಹುದು. ಒಂದು ಕೋಶ ಕಣ್ಣಿಗೆ ಕಾಣುವ ಕಾಲನಿಯಾಗಲು ಇಪ್ಪತ್ತು ಸಲವಾದರೂ ದುಪ್ಪಟ್ಟಾಗಬೇಕು. ಅಷ್ಟರಲ್ಲಿ ಐದರಲ್ಲಿ ಒಂದರ ಹತ್ತಿರ ಬಳೆ ಕಳೆದುಕೊಂಡಿರುತ್ತವೆ.

ಅಡೆನಿನ್ ಇಲ್ಲದ ತಟ್ಟೆಯಲ್ಲಿ ಕಳೆದುಕೊಂಡವು ಸಾಯುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಅಕ್ಕನ ಮಗಳು ಮಾಡಿದ್ದೇನೆಂದರೆ, ಚೆನ್ನಾಗಿ ಬೆಳೆಯಲಿ ಪಾಪ ಅಂತ ಒಂದು ಬಿಳಿ ಕಾಲನಿಯನ್ನು ಎತ್ತಿ ವೈಪಿಡಿ ತಟ್ಟೆಯ ಮೇಲೆ ಹರಡಿದ್ದಾಳೆ. ವೈಪಿಡಿ ಎಂದರೆ ಮೃಷ್ಟಾನ್ನ, ಅದರಲ್ಲಿ ಅಡೆನಿನ್ ಸಹ ಇದೆ. ಅಲ್ಲಿ ಬಳೆ ಇದ್ದರೂ ಒಂದೇ, ಹೋದರೂ ಒಂದೇ. ಹೋದ ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ಕೆಂಪು. ಅವು ಹುಟ್ಟಿದ ಕಡೆಯಿಂದ ಹೊರಕ್ಕೆ ಬೆಳೆಯುತ್ತ ಹೋಗುವುದರಿಂದ ಬೀಸಣಿಗೆಯ ಆಕಾರ ಬರುತ್ತದೆ. "ಫೋಟೊ ದೊಡ್ಡದು ಮಾಡಿ ನೋಡು" ಅಂದೆ. "ಕೆಂಪಿನ ತುದಿ ನಡುಮಧ್ಯಕ್ಕೆ ಮುಟ್ಟಿದ್ದರೆ ಬಳೆ ಶುರುವಿನಲ್ಲೇ ಹೋಗಿದೆ. ಅಂಚಿನಲ್ಲಿ ಸಣ್ಣ ಗೆರೆ ಇದ್ದರೆ ನಿನ್ನೆ ಮೊನ್ನೆ ಹೋಗಿದೆ. ಸರಿಯಾಗಿ ಅರ್ಧ ಬಿಳಿ ಅರ್ಧ ಕೆಂಪು ಇದ್ದರೆ ಮೊಟ್ಟಮೊದಲ ವಿಭಜನೆಯಲ್ಲೇ." ಅವಳು ಹುಡುಕಿ ಒಂದು ಅರ್ಧಂಬರ್ಧ ಕಾಲನಿ ತೋರಿಸಿದಳು. ಆ ಒಂದು ತಪ್ಪನ್ನು ಮೂರು ದಿನದ ಮೇಲೆ ನಾವಿಬ್ಬರು ಬೇರೆ ಬೇರೆ ಊರಲ್ಲಿ ಕೂತು ನೋಡುತ್ತಿದ್ದೆವು.

ಯೀಸ್ಟಿನಲ್ಲಿ ಔಷಧಿ, ಲಸಿಕೆ ಮಾಡುವ ಕಾರ್ಖಾನೆಯವರಿಗೆ ಇಂಥ ಕಾವ್ಯ ಬೇಡ. ದೊಡ್ಡ ಟ್ಯಾಂಕಿನಲ್ಲಿ ಕೋಶಗಳು ದುಪ್ಪಟ್ಟಾಗುತ್ತ ಹೋಗುವಾಗ ಐದರಲ್ಲಿ ಒಂದು ಕೆಲಸ ಬಿಟ್ಟು ಕೂತರೆ ದಿವಾಳಿ. 1982ರಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಜೀನನ್ನು ಯೀಸ್ಟಿಗೆ ಕೊಟ್ಟು ತೋರಿಸಿದರು, 1986ರಲ್ಲಿ ಅಮೆರಿಕದಲ್ಲಿ ಆ ಲಸಿಕೆಗೆ ಅನುಮತಿ ಸಿಕ್ಕಿತು. ಅದಕ್ಕೂ ಮುಂಚಿನ ಲಸಿಕೆಯನ್ನು ಸೋಂಕು ತಗಲಿದವರ ರಕ್ತದಿಂದ ತೆಗೆಯುತ್ತಿದ್ದರು. ನಮ್ಮಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಪಿಚಿಯಾ ಎಂಬ ಇನ್ನೊಂದು ಯೀಸ್ಟಿನಲ್ಲಿ ಮಾಡಿ ಬಿಡುಗಡೆ ಮಾಡಿತು. ಪಿಚಿಯಾದಲ್ಲಿ ಸಾಮಾನ್ಯವಾಗಿ ಜೀನನ್ನು ಬಳೆಯಾಗಿ ಬಿಡುವುದಿಲ್ಲ, ಕ್ರೋಮೋಸೋಮಿಗೇ ಹೊಲಿದುಬಿಡುತ್ತಾರೆ. ಹೊಟ್ಟೆ ತುಂಬಿದರೂ ಕಳಚಿ ಬೀಳದ ಹಾಗೆ. ಹಿನ್ನೆನ್ ಮತ್ತವರ ಜೊತೆಯವರು ಪ್ರಕಟಿಸಿದ ಅದೇ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರುವಾಗಿತ್ತು. ಕಿರಣ್ ಮಜುಂದಾರ್ ಆಸ್ಟ್ರೇಲಿಯಾಕ್ಕೆ ಹೋಗಿ ಕಲಿತು ಬಂದಿದ್ದದ್ದು ಬಿಯರ್ ಮಾಡುವ ವಿದ್ಯೆ, ಅಂದರೆ ಯೀಸ್ಟ್ ಸಾಕುವ ವಿದ್ಯೆ. ಮೊದಲು ಮಾರಿದ್ದು ಪಪ್ಪಾಯಿಯ ಕಿಣ್ವ, ಬಿಯರ್ ತಿಳಿಯಾಗಿಸುವ ಮೀನಿನ ಅಂಟು. 2004ರಲ್ಲಿ ಅದೇ ಕಂಪನಿ ಪಿಚಿಯಾದಲ್ಲಿ ಮಾಡಿದ ಮಾನವ ಇನ್ಸುಲಿನ್ ತಂದಿತು. ನಮ್ಮ ಮಾವನವರು ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವಾಗ ಯೀಸ್ಟಿನ ಕಥೆ ಹೇಳಲು ಹೋಗಿದ್ದೆ. "ಇಡ್ಲಿ ಆರುತ್ತೆ, ಮೊದಲು ತಿನ್ನಿ" ಅಂದರು.

ಮೊನ್ನೆ ಭಾನುವಾರ ಅವಳ ಫೋನು. ಎಲ್ಲವನ್ನೂ ಮೊದಲಿಂದ ಮಾಡಿದ್ದಾಳೆ, ಈ ಸಲ ನೀರಿನ ಪ್ಲೇಟ್ ಸಮೇತ. ಡಿಎನ್‌ಎ ಪ್ಲೇಟಿನಲ್ಲಿ ಇನ್ನೂರರ ಮೇಲೆ ಕಾಲನಿ. ಆದರೆ ದನಿ ಸಪ್ಪಗಿತ್ತು.

"ನೀರಿನ ಪ್ಲೇಟಲ್ಲೂ ಎರಡು ಬಂದಿವೆ ಮಾವ. ಬೆಳ್ಳಗೆ, ದಪ್ಪಗೆ. ಪ್ಲಾಸ್ಮಿಡ್ ಎಲ್ಲಾದ್ರೂ ಚೆಲ್ತಾ?"

"ಚೆಲ್ಲಿರಲಿಕ್ಕಿಲ್ಲ. ನಿನ್ನ ತಳಿಯ ಏಡ್-2 ಕೆಟ್ಟಿರೋದು ಒಂದೇ ಅಕ್ಷರದಿಂದ. ಹತ್ತು ಕೋಟಿಯಲ್ಲಿ ಒಂದೆರಡಕ್ಕೆ ಎಲ್ಲೋ ಒಂದಕ್ಷರ ತಾನಾಗಿ ತಿದ್ದಿಹೋದ್ರೆ ಸಾಕು. ಅವಕ್ಕೆ ಯಾರೂ ಏನೂ ಕೊಟ್ಟಿಲ್ಲ. ನನ್ನ ನೀರಿನ ಪ್ಲೇಟಲ್ಲಿ ಅವತ್ತು ಬಂದಿದ್ದ ಒಂದೂ ಅಂಥದ್ದೇ ಇರಬೇಕು."

"ಹಾಗಾದ್ರೆ ಈ ಇನ್ನೂರರಲ್ಲೂ ಅಂಥವು ಇರಬಹುದಲ್ವಾ? ನೋಡೋಕೆ ಎಲ್ಲಾ ಒಂದೇ ಥರ ಇದೆ."

ಈ ಪ್ರಶ್ನೆ ಅವಳಿಗೆ ತಾನಾಗಿ ಬಂತಲ್ಲ ಅಂತ ನನಗೆ ಒಳಗೊಳಗೇ ಹಿಗ್ಗು. "ಇರಬಹುದು. ಆ ಎರಡನ್ನೂ ಎತ್ತಿ ವೈಪಿಡಿ ಮೇಲೆ ಹರಡು. ಇನ್ನೂರರಲ್ಲಿ ಎರಡನ್ನ ಪಕ್ಕದಲ್ಲಿ ಹರಡು. ಎಲ್ಲಕ್ಕೂ ಹೊಟ್ಟೆ ತುಂಬ ಊಟ ಕೊಡು, ಮೂರು ದಿನ ಬಿಟ್ಟು ಬಿಡು."

ಬುಧವಾರ ರಾತ್ರಿ ಫೋಟೊ ಬಂತು. ತಟ್ಟೆಯ ಬೆನ್ನಿಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ನಾಲ್ಕು ಭಾಗ ಮಾಡಿದ್ದಾಳೆ. ಮೇಲಿನೆರಡರಲ್ಲಿ ಬೀಸಣಿಗೆ ಬೀಸಣಿಗೆಯಾಗಿ ಕೆಂಪು. ಕೆಳಗೆ, ದುಂಡಗಿನ ಅಕ್ಷರದಲ್ಲಿ "ನೀರು 1, ನೀರು 2" ಅಂತ ಬರೆದ ಕಡೆ, ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದು ಕೆಂಪು ಗೆರೆ ಇಲ್ಲ. ಹಾಲಿನಂಥ ಬಿಳುಪು, ಅದರ ಮೇಲೆ ಅವಳ ಲ್ಯಾಬಿನ ಟ್ಯೂಬ್‌ಲೈಟಿನ ನೆರಳು.